ಕೊನೆಗೆ ಇಳಿದವನ ದನಿ

ಟ್ರೈನಿಂಗ್ ಸೆಂಟರಿಗೆ ಮಾತಾಡಲು ಕರೆದಾಗಲೆಲ್ಲ ಹೊಸದಾಗಿ ಕೆಲಸಕ್ಕೆ ಸೇರಿದವರು ಒಂದೇ ಪ್ರಶ್ನೆ ಕೇಳುತ್ತಾರೆ: "ಸ್ಕ್ರೀನ್ ಇಲ್ದೆ ಗ್ರಿಡ್ ಹೆಂಗೆ ನೋಡ್ಕೊತಿದ್ರಿ ಸಾರ್?"

ನೋಡುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಕೋಲಾರದ ಸಬ್‌ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ಕೂತವನಿಗೆ ಕಿಟಕಿಯಿಂದ ಕಾಣುತ್ತಿದ್ದದ್ದು ಯಾರ್ಡು, ಜಲ್ಲಿ, ಬೇಲಿಯಾಚೆಯ ರಾಗಿ ಹೊಲ, ಅಷ್ಟೇ. ಮಾಲೂರಿನಲ್ಲಿ ಎಷ್ಟು ಲೋಡಿದೆ, ಮುಳಬಾಗಿಲಿನಲ್ಲಿ ವೋಲ್ಟೇಜು ಎಷ್ಟು ಬಿದ್ದಿದೆ, ಶ್ರೀನಿವಾಸಪುರದಲ್ಲಿ ಕರೆಂಟು ಇದೆಯೋ ಇಲ್ಲವೋ, ಎಲ್ಲವೂ ಕಿವಿಗೆ ಬರಬೇಕಿತ್ತು. ಗಂಟೆಗೊಮ್ಮೆ ಆ ಮೂರು ಊರಿನ ಆಪರೇಟರುಗಳು ಫೋನಿನಲ್ಲಿ ರೀಡಿಂಗ್ ಹೇಳುವರು, ನಾನು ಬರೆದುಕೊಂಡು, ಎಲ್ಲ ಕಡೆಗೂ ಕರೆಂಟು ಹಂಚುವ ಬೆಂಗಳೂರಿನ ಲೋಡ್ ಡೆಸ್ಪ್ಯಾಚಿಗೆ ಹೇಳುವೆ. ಗ್ರಿಡ್ ಎಂದರೆ ನನಗೆ ನಾಲ್ಕೈದು ಗಂಟಲುಗಳು.

ಆ ಫೋನಿಗೆ ಕ್ಯಾರಿಯರ್ ಎನ್ನುತ್ತಿದ್ದೆವು. ಅದಕ್ಕೆ ಬೇರೆ ತಂತಿ ಇರಲಿಲ್ಲ. ಕರೆಂಟು ಹೋಗುವ ಹೈಟೆನ್ಷನ್ ಲೈನಿನ ಮೇಲೆಯೇ ನಮ್ಮ ಮಾತೂ ಹೋಗುತ್ತಿತ್ತು. ಲೈನ್ ಆಫ್ ಇದ್ದರೂ ಬ್ಯಾಟರಿಯ ಬಲದಿಂದ ಮಾತು ದಾಟುತ್ತಿತ್ತು. ನಾಲ್ಕೂ ಸ್ಟೇಷನ್ನಿನವರು ಒಂದೇ ಸಲಕ್ಕೆ ಕೇಳಬಹುದಿತ್ತು. ಆದ್ದರಿಂದ ನಮ್ಮಲ್ಲಿ ಯಾರ ಮನೆಯ ಗುಟ್ಟೂ ಉಳಿಯುತ್ತಿರಲಿಲ್ಲ.

ನಾನು ಹುತ್ತೂರಿನ ಕಡೆಯವನು, ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆಳೆದವನು. ಹುಳು ಸೊಪ್ಪು ಮೇಯುವ ಸದ್ದಿನಿಂದಲೇ ಯಾವ ತಟ್ಟೆಗೆ ಮೇವು ಸಾಲದು ಎಂದು ಅಮ್ಮ ಹೇಳುತ್ತಿದ್ದಳು. ಕ್ಯಾರಿಯರ್ ಕೇಳುವುದನ್ನು ನಾನು ಬೇಗ ಕಲಿತದ್ದು ಅದರಿಂದಲೇ ಎಂದು ಬರೆದರೆ ಚೆಂದ ಕಾಣುತ್ತದೆ. ಚೆಂದ ಕಾಣುತ್ತದೆ ಎನ್ನುವ ಕಾರಣಕ್ಕೇ ನನಗೆ ಅದರ ಮೇಲೆ ಅನುಮಾನ. ಕಲಿತದ್ದು ದಿನಕ್ಕೆ ಎಂಟು ಗಂಟೆ ರಿಸೀವರ್ ಹಿಡಿದು, ಬೈಸಿಕೊಂಡು. ಒಂದು ವರ್ಷದಲ್ಲಿ ಇಷ್ಟು ಗೊತ್ತಾಗಿತ್ತು: ತಂತಿಯನ್ನು ಟವರಿಗೆ ತೂಗುಹಾಕುವ ಪಿಂಗಾಣಿ ಬಿಲ್ಲೆ ಬಿರುಕು ಬಿಟ್ಟರೆ ಫೋನಿನಲ್ಲಿ ಹುರಿಯುವ ಸದ್ದು. ತುಂತುರು ಬಿದ್ದರೆ ಉದ್ದಕ್ಕೂ ಸುಯ್ ಎನ್ನುವ ಸದ್ದು. ಲೈನಿನ ಮೇಲೆ ಕೆಲಸ ಮಾಡುವವರು ಅರ್ಥಿಂಗ್ ಚೈನು ಸಿಕ್ಕಿಸಿದ್ದರೆ, ಎಂದರೆ ತಂತಿಗಳನ್ನು ಭೂಮಿಗೆ ಕಟ್ಟಿದ್ದರೆ, ಆ ಕಡೆಯವನ ದನಿ ಬಾವಿಯ ತಳಕ್ಕೆ ಇಳಿದುಹೋಗುತ್ತದೆ. ಮಾತಿನ ಬಹುಪಾಲು ಚೈನಿನ ಮೂಲಕ ನೆಲಕ್ಕೆ ಸೋರಿಹೋಗುತ್ತದೆ. ಈ ಕೊನೆಯದು ಯಾವ ರೂಲ್ ಬುಕ್ಕಿನಲ್ಲೂ ಇರಲಿಲ್ಲ. ಆದರೆ ನಮಗೆಲ್ಲ ಗೊತ್ತಿತ್ತು.

ನಾನು ಈ ಕೆಲಸವನ್ನು ಚೆನ್ನಾಗಿ ಮಾಡಿದೆ. ಸಂಕೋಚವಿಲ್ಲದೆ ಹೇಳುತ್ತೇನೆ. ಎಷ್ಟು ಚೆನ್ನಾಗಿ ಮಾಡಿದೆ ಎನ್ನುವುದಕ್ಕೆ ನನ್ನ ಲಾಗ್ ಬುಕ್ಕನ್ನು ಮಾತ್ರ ಸಾಕ್ಷಿ ಕರೆಯಬೇಡಿ. ಲಾಗ್ ಬುಕ್ಕಿನಲ್ಲಿ ಎಲ್ಲವೂ ಗಂಟೆ ಹೊಡೆದ ಹಾಗೆ ನಡೆದಿರುತ್ತದೆ, ಏಕೆಂದರೆ ಅದರಲ್ಲಿ ಅರ್ಧದಷ್ಟನ್ನು ನಾವು ಗಂಟೆ ಹೊಡೆಯುವ ಮೊದಲೇ ಬರೆದಿಡುತ್ತಿದ್ದೆವು.

ಇದು ನಮ್ಮ ವೃತ್ತಿಯ ರೋಗ. ಹನ್ನೆರಡರ ರೀಡಿಂಗು ಹನ್ನೊಂದಕ್ಕಿಂತ ಅಷ್ಟೇನೂ ಬೇರೆ ಇರುವುದಿಲ್ಲ. ಹಾಗಾಗಿ ಹನ್ನೊಂದೂವರೆಗೇ ಹನ್ನೆರಡರ ಕಾಲಮನ್ನು ತುಂಬಿ ಟೀ ಕುಡಿಯಲು ಏಳುವುದು. ಮಾಲೂರಿನ ಆಪರೇಟರ್ ಬಾಷಾ ಇದರಲ್ಲಿ ನಿಪುಣ. ಒಂದು ಮಧ್ಯಾಹ್ನ ಒಂದು ಗಂಟೆಯ ರೀಡಿಂಗನ್ನು ಹನ್ನೆರಡೂ ನಲವತ್ತಕ್ಕೇ ನನಗೆ ಹೇಳಿ ಊಟಕ್ಕೆ ಹೋದ. ಅವನು ಡಬ್ಬಿ ಬಿಚ್ಚುವ ಹೊತ್ತಿಗೆ ಅವನ ಲೈನು ಟ್ರಿಪ್ ಆಯಿತು. ಒಂದು ಗಂಟೆಗೆ ಸರಿಯಾಗಿ ನಾನು ಬೆಂಗಳೂರಿಗೆ "ಮಾಲೂರು ತೊಂಬತ್ತು ಆಂಪ್ಸ್" ಎಂದೆ. ಬೆಂಗಳೂರಿನವರಿಗೆ ಬೇರೆ ದಾರಿಯಿಂದ ಲೈನ್ ಸತ್ತ ಸುದ್ದಿ ಆಗಲೇ ತಲುಪಿತ್ತು.

"ಸತ್ತಿರೋ ಲೈನಲ್ಲಿ ತೊಂಬತ್ತು ಆಂಪ್ಸಾ? ಯಾರಪ್ಪಾ ಅದು ತುಳೀತಿರೋದು, ಸೈಕಲ್ ಡೈನಮೋನಾ?"

ನಾಲ್ಕೂ ಸ್ಟೇಷನ್ನಿನವರು ಕೇಳಿಸಿಕೊಂಡು ನಕ್ಕರು. ಬಾಷಾ ಬಾಯಲ್ಲಿ ತುತ್ತಿಟ್ಟುಕೊಂಡೇ, "ಅಣ್ಣಾ, ನಾನ್ ಹೇಳ್ದಾಗ ಬದ್ಕಿತ್ತು" ಎಂದ. ಅದು ನಿಜವೇ. ಮುಂದಿನ ಎರಡು ವರ್ಷ ಅವನ ಹೆಸರು ಡೈನಮೋ ಬಾಷಾ.

ನಿಮ್ಮ ಸ್ಕ್ರೀನಿಗೂ ಈ ರೋಗವಿದೆ. ಸಂಪರ್ಕ ಕಡಿದುಹೋದರೆ ಅದು ಕೊನೆಯ ಸಲ ಬಂದ ಅಂಕಿಯನ್ನೇ ತೋರಿಸುತ್ತ ಕೂರುತ್ತದೆ. ಬಾಷಾನ ಹಾಗೆಯೇ, ಸುಳ್ಳು ಹೇಳುವ ಉದ್ದೇಶವಿಲ್ಲದೆ.

ರೀಡಿಂಗಿನಲ್ಲಿ ಈ ಆತುರ ನಗೆಯಲ್ಲಿ ಮುಗಿಯಿತು. ಲೈನ್ ಕ್ಲಿಯರಿನಲ್ಲಿ ಮುಗಿಯಲಿಲ್ಲ.

ಲೈನ್ ಕ್ಲಿಯರ್ ಎಂದರೆ ಪರವಾನಗಿ. ಲೈನಿನ ಮೇಲೆ ಕೆಲಸ ಮಾಡಬೇಕಾದ ಮೇಸ್ತ್ರಿ ಬಂದು ಕೇಳುತ್ತಾನೆ. ನಾವು ಎರಡೂ ಕಡೆ ಆಫ್ ಮಾಡಿ, ಬ್ರೇಕರ್ ಎಂಬ ದೊಡ್ಡ ಸ್ವಿಚ್ಚಿನ ಹ್ಯಾಂಡಲಿಗೆ ಕೆಂಪು ಹಲಗೆ ತೂಗುಹಾಕಿ, ನಂಬರ್ ಹಾಕಿದ ಚೀಟಿ ಕೊಡುತ್ತೇವೆ. ಕೆಲಸ ಮುಗಿದು, ಜನ ಕೆಳಗಿಳಿದು, ಚೈನು ತೆಗೆದ ಮೇಲೆ ಅವನು ಅದೇ ನಂಬರ್ ಹೇಳಿ ವಾಪಸ್ ಮಾಡಬೇಕು. ಆಮೇಲೆ ಲೈನ್ ಚಾರ್ಜ್, ಎಂದರೆ ಮತ್ತೆ ಕರೆಂಟು ಹಾಯಿಸುವುದು. ಬರೆಯಲು ಸುಲಭ. ಆದರೆ ಫೋನಿರುವ ಊರು ಎರಡು ಮೈಲಿ ದೂರ, ಮೇಸ್ತ್ರಿಗೆ ಇರುವುದು ಸೈಕಲ್, ಕರೆಂಟಿಗೆ ಕಾದ ರೈತರು ಟವರಿನ ಬುಡದಲ್ಲೇ ಕುಕ್ಕರಗಾಲಿನಲ್ಲಿ ಕೂತಿರುತ್ತಾರೆ. ಅದಕ್ಕೆ ಮೇಸ್ತ್ರಿಗಳು ಒಂದು ರೂಢಿ ಮಾಡಿಕೊಂಡಿದ್ದರು. ಕೆಲಸ ಮುಗಿಯಲು ಕಾಲು ಗಂಟೆ ಇರುವಾಗಲೇ ಸೈಕಲ್ ಹತ್ತಿ ಫೋನಿನ ಕಡೆ ಹೊರಡುವುದು. ತಾನು ತಲುಪುವ ಹೊತ್ತಿಗೆ ಹುಡುಗರು ಇಳಿದಿರುತ್ತಾರೆ ಎಂಬ ಲೆಕ್ಕ. ನೂರು ಸಲ ಅದು ಸರಿಯೇ ಆಗಿತ್ತು. ರೂಢಿ ನಮಗೆ ಗೊತ್ತಿತ್ತು. ಯಾರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಆ ದಿನ ಕೋಲಾರ–ಶ್ರೀನಿವಾಸಪುರ ಲೈನು. ಕ್ಯಾಲನೂರಿನ ಆಚೆ ಒಂದು ಟವರಿನಲ್ಲಿ ಪಿಂಗಾಣಿ ಬಿಲ್ಲೆಗಳು ಒಡೆದಿದ್ದವು. ಮೇಸ್ತ್ರಿ ಮುನಿಯಪ್ಪ ಬೆಳಿಗ್ಗೆ ಒಂಬತ್ತಕ್ಕೆ ನನ್ನಿಂದ ಚೀಟಿ ತೆಗೆದುಕೊಂಡ. ಹದಿನೆಂಟು ವರ್ಷ ಸರ್ವೀಸಿನ ಮನುಷ್ಯ, ಒಮ್ಮೆಯೂ ನಂಬರ್ ತಪ್ಪು ಹೇಳಿದವನಲ್ಲ. ಟವರ್ ಹತ್ತುವವರು ಗಂಗುಲಪ್ಪ ಮತ್ತು ನಾಗರಾಜ. ಗಂಗುಲಪ್ಪನಿಗೆ ಮೂವತ್ತು ದಾಟಿತ್ತು. ಮಾತು ಕಡಿಮೆ. ಚೈನು ಹಾಕುವವನೂ ಅವನೇ, ತೆಗೆಯುವವನೂ ಅವನೇ, ಆದ್ದರಿಂದ ಕೊನೆಗೆ ಇಳಿಯುವವನೂ ಅವನೇ.

ಒಂದೂವರೆಗೆ ಕರೆಂಟು ಕೊಡುತ್ತೇವೆ ಎಂದು ನಮ್ಮ ಅಸಿಸ್ಟೆಂಟ್ ಇಂಜಿನಿಯರ್ ಸಾಹೇಬರು ಶ್ರೀನಿವಾಸಪುರದವರಿಗೆ ಮಾತು ಕೊಟ್ಟಿದ್ದರು. ಊರಿನ ನೀರಿನ ಟ್ಯಾಂಕ್ ಖಾಲಿಯಾಗಿತ್ತು. ಸಾಹೇಬರು ಕೆಟ್ಟವರಲ್ಲ. ಕೆಲಸ ಬಲ್ಲವರು, ಆದರೆ ಗಡಿಯಾರ ನೋಡುತ್ತ ಹುಟ್ಟಿದವರು. ಒಂದು ಗಂಟೆಯಿಂದ ನನ್ನ ಕುರ್ಚಿಯ ಹಿಂದೆ ನಿಂತಿದ್ದರು.

ಒಂದೂ ಮೂವತ್ತೈದಕ್ಕೆ ಕ್ಯಾಲನೂರಿನ ಅಂಚೆ ಕಚೇರಿಯಿಂದ ಸಾಧಾರಣ ಫೋನಿನಲ್ಲಿ ಮುನಿಯಪ್ಪ ಬಂದ.

"ಸಾರ್, ಆಯ್ತು. ಹದಿನಾಲ್ಕನೇ ನಂಬರ್ ವಾಪಸ್. ಜನ ಇಳ್ದವ್ರೆ, ಚೈನ್ ತೆಗ್ದೈತೆ. ಲೈನ್ ಕೊಟ್ಬಿಡಿ."

ನಂಬರ್ ಸರಿ. ದನಿ ಸರಿ. ಹೇಳಿದ ಮಾತುಗಳೂ ಪುಸ್ತಕದಲ್ಲಿರುವ ಹಾಗೆಯೇ. ಆದರೆ ಆ ಹೊತ್ತಿಗೆ ಟವರಿನ ಮೇಲೆ ಹೊಸ ಬಿಲ್ಲೆಯ ಪಿನ್ನು ಕೂರದೆ ಇಬ್ಬರೂ ಇನ್ನೂ ಗುದ್ದಾಡುತ್ತಿದ್ದರು. ಇದು ನಮಗೆ ಆಮೇಲೆ ತಿಳಿದದ್ದು. ಮುನಿಯಪ್ಪನಿಗೂ ಆಗ ತಿಳಿದಿರಲಿಲ್ಲ.

ಚೈನಿದ್ದರೆ ಭಯವೇನು, ಬ್ರೇಕರ್ ಹಾಕಿದರೂ ಟ್ರಿಪ್ ಆಗುತ್ತದಲ್ಲ ಎಂದು ನಿಮ್ಮಲ್ಲಿ ಓದಿದವರು ಕೇಳಬಹುದು. ಕ್ಲಾಂಪು ಸಡಿಲವಿದ್ದ ಚೈನೊಂದು ಕ್ಷಣದಲ್ಲಿ ಉರಿದು ಹರಿದುಬಿದ್ದದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ಅಂಟಿಕೊಂಡು ಮನುಷ್ಯರಿದ್ದರೆ ಏನಾಗುತ್ತದೆ ಎನ್ನುವುದನ್ನು ಬರೆಯುವುದಿಲ್ಲ.

ಮುಂದೆ ನಡೆದದ್ದನ್ನು ನಾನು ಎಂಬತ್ತರ ದಶಕದ ಉದ್ದಕ್ಕೂ ಟ್ರೈನಿಂಗ್ ಕ್ಲಾಸುಗಳಲ್ಲಿ ಹೀಗೆ ಹೇಳುತ್ತಿದ್ದೆ: ಚಾರ್ಜ್ ಮಾಡುವ ಮುನ್ನ ಶ್ರೀನಿವಾಸಪುರದ ಆಪರೇಟರಿಗೆ ತಿಳಿಸಲು ಕ್ಯಾರಿಯರ್ ಎತ್ತಿದೆ. ದನಿ ಇನ್ನೂ ಬಾವಿಯ ತಳದಲ್ಲಿತ್ತು. ಚೈನು ಇನ್ನೂ ಲೈನಿನ ಮೇಲಿದೆ ಎಂದು ತಕ್ಷಣ ಹೊಳೆಯಿತು. ಕೈ ತೆಗೆದೆ. ಎರಡು ಜೀವ ಉಳಿಯಿತು.

ಕ್ಲಾಸು ಗಪ್‌ಚಿಪ್ ಆಗಿ ಕೇಳುತ್ತಿತ್ತು. ಒಮ್ಮೆ ಕೊನೆಯ ಸಾಲಿನಲ್ಲಿ ಶ್ರೀನಿವಾಸಪುರದ ಅದೇ ಆಪರೇಟರ್ ನಾರಾಯಣಸ್ವಾಮಿಯೇ ಕೂತಿದ್ದ. ಮುಗಿದ ಮೇಲೆ ಬಂದು ಹೆಗಲ ಮೇಲೆ ಕೈಯಿಟ್ಟು, "ಚೆನ್ನಾಗ್ ಹೇಳ್ತೀಯಣ್ಣಾ" ಎಂದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಅವನು ನಿವೃತ್ತನಾದ ಮೇಲೆ ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಬ್ಯಾಟರಿ ರೂಮಿನ ಅಟ್ಟ ಖಾಲಿ ಮಾಡಿಸುವಾಗ ಹಳೆಯ ಲಾಗ್ ಬುಕ್ಕುಗಳು ಸಿಕ್ಕವು. ಆ ದಿನದ ಪುಟ ಹುಡುಕಿದೆ. ನಾರಾಯಣಸ್ವಾಮಿಯ ಒತ್ತಾದ ಅಕ್ಷರದಲ್ಲಿ ಒಂದು ಸಾಲು: "1-40. ಕೋಲಾರದವರು ಲೈನ್ ಕೊಡುತ್ತೇನೆ ಎಂದರು. ದನಿ ಬಂದಿಲ್ಲ, ಕೊಡಬೇಡಿ ಎಂದೆ."

ಓದಿದ ಮೇಲೆ ಎಲ್ಲ ನೆನಪಾಯಿತು ಎಂದು ಬರೆಯಲಾರೆ. ನೆನಪಾಗಲಿಲ್ಲ. ಮೊದಲು ಸಿಟ್ಟು ಬಂತು. ಎರಡು ದಿನ ಕಳೆದ ಮೇಲೆ ಆ ದನಿ ಕೇಳಿಸಿತು. ಈಗ ಬರೆಯುವುದು ಹಾಗೆ ಕೇಳಿಸಿದ್ದನ್ನು.

ನಾನು ಕೆಂಪು ಹಲಗೆ ತೆಗೆದಾಗಿತ್ತು. ಬ್ರೇಕರಿನ ಹ್ಯಾಂಡಲ್ ಒಂದೇ ಬಾಕಿ. ಬಲಗೈ ಅದರ ಮೇಲೆ, ಎಡಗೈಯಲ್ಲಿ ಕ್ಯಾರಿಯರ್. ಲಾಗ್ ಬುಕ್ಕಿನಲ್ಲಿ "1-40, ಲೈನ್ ಚಾರ್ಜ್ ಮಾಡಲಾಯಿತು" ಎಂದು ಆಗಲೇ ಬರೆದಿಟ್ಟಿದ್ದೆ. ಚಾರ್ಜ್ ಮಾಡಿದ ಕೂಡಲೇ ಎಲ್ಲ ಕಡೆಯಿಂದ ಫೋನುಗಳು ಬರುತ್ತವೆ, ಬರೆಯಲು ಪುರುಸೊತ್ತಿರುವುದಿಲ್ಲ. ಬಾಷಾನನ್ನು ನೋಡಿ ನಕ್ಕವನೂ ನಾನೇ. ಕ್ಯಾರಿಯರಿನಲ್ಲಿ ಆ ಕಡೆಯ ಸದ್ದೆಲ್ಲ ಬಾವಿಯ ತಳದಿಂದ ಬರುತ್ತಿತ್ತು. ನನಗೆ ಕೇಳಿಸುತ್ತಿತ್ತು. ಆದರೆ ನಾನು ಕೇಳುತ್ತಿರಲಿಲ್ಲ. ಮನಸ್ಸಿನಲ್ಲಿ ಲೈನು ಆಗಲೇ ಚಾರ್ಜ್ ಆಗಿತ್ತು.

"ಸ್ವಾಮೀ, ಲೈನ್ ಕೊಡ್ತಿದೀನಿ" ಎಂದೆ.

ತುಂಬ ಆಳದಿಂದ ಉತ್ತರ ಬಂತು. "ವದ್ದಣ್ಣಾ."

"ಏನು?"

"ಬೇಡ ಅಂದೆ. ನಿನ್ ವಾಯ್ಸು ಇಂಕಾ ರಾಲೇದು, ಇನ್ನೂ ಬಂದಿಲ್ಲ. ಬೆಳಿಗ್ಗೆ ಚೈನ್ ಹಾಕ್ದಾಗ ಹೆಂಗ್ ಬಿತ್ತೋ ಹಂಗೇ ಐತೆ. ಯಾರೋ ಮೇಲವ್ರೆ ಕಣಣ್ಣಾ."

ನಾನು ಹ್ಯಾಂಡಲಿನಿಂದ ಕೈ ತೆಗೆದೆ. ಹಾಗಾದರೆ ಮೊದಲ ಸಲ ಅವರನ್ನು ಉಳಿಸಿದ್ದು ನಾರಾಯಣಸ್ವಾಮಿ. ಕ್ಲಾಸಿನಲ್ಲಿ ನನ್ನ ಕಥೆ ಕೇಳಿದವರು ದಯವಿಟ್ಟು ತಿದ್ದಿಕೊಳ್ಳಿ.

ಸಾಹೇಬರು ಬಗ್ಗಿದರು. "ಯಾಕೆ ನಿಲ್ಸಿದೆ? ನಂಬರ್ ಹೇಳಿದ್ನಲ್ಲ?"

"ದನಿ ಬಂದಿಲ್ಲ ಸಾರ್."

"ಕ್ಯಾರಿಯರ್ ಯಾವತ್ತು ನೆಟ್ಟಗಿತ್ತು? ಮೇಸ್ತ್ರಿ ಬಾಯಿಂದ ವಾಪಸ್ ಮಾಡಿದಾನೆ. ಇನ್ನೇನು ಬೇಕು?"

ನಾನು ಕ್ಯಾಲನೂರಿನ ಅಂಚೆ ಕಚೇರಿಗೆ ತಿರುಗಿ ಫೋನ್ ಮಾಡಿದೆ. ಪೋಸ್ಟ್ ಮಾಸ್ಟರು, "ಮೇಸ್ತ್ರಿ ಆಗ್ಲೇ ಸೈಕಲ್ ಹತ್ತಿ ಹೋದ್ನಲ್ಲ" ಎಂದರು. ಅವನ ಹಿಂದೆಯೇ ಯಾರನ್ನಾದರೂ ಕಳಿಸಿ, ಜನ ಇಳಿದಿದ್ದಾರೋ ಕಣ್ಣಾರೆ ನೋಡಿ ಬಂದು ಫೋನ್ ಮಾಡಲು ಹೇಳಿಸಿ ಎಂದೆ. ಹಾಲಿನ ಡೇರಿಗೆ ಬಂದಿದ್ದ ಒಬ್ಬರನ್ನು ಅವರು ಓಡಿಸಿದರು.

ಇನ್ನು ಮಾಡಲು ಏನೂ ಇರಲಿಲ್ಲ. ಕ್ಯಾರಿಯರಿನಲ್ಲಿ ನಾನು ಒಂದು, ಎರಡು, ಮೂರು ಎನ್ನುವೆ, ನಾರಾಯಣಸ್ವಾಮಿ ಅದನ್ನೇ ತಿರುಗಿ ಹೇಳುವನು. ಅಂಕಿಗಳು ಸೋರಿಹೋಗುತ್ತಲೇ ಇದ್ದವು. ಸಾಹೇಬರು ಮೂರು ಸಲ ಗಡಿಯಾರ ನೋಡಿದರು. ನಾವು ಎಷ್ಟನೆಯ ಸುತ್ತಿನಲ್ಲಿದ್ದೆವೋ ತಿಳಿಯದು, "ಏಳು" ಎನ್ನುವಾಗ ನಾರಾಯಣಸ್ವಾಮಿಯ ದನಿ ಥಟ್ಟನೆ ಪಕ್ಕದ ಕುರ್ಚಿಯಲ್ಲಿ ಕೂತವನ ದನಿಯಾಯಿತು. ಅವನ ಹಿಂದೆ ಯಾರೋ ಕೆಮ್ಮಿದ್ದೂ ಕೇಳಿಸಿತು. ಚೈನು ಹೋಗಿತ್ತು.

"ಬಂತಲ್ಲ" ಎಂದರು ಸಾಹೇಬರು. ಅವರ ಕಿವಿಯೂ ಚುರುಕೇ. "ಈಗ ಹಾಕು."

ಅಲ್ಲಿಯವರೆಗಿನ ಪಾಲು ನಾರಾಯಣಸ್ವಾಮಿಯದು. ಇಲ್ಲಿಂದ ಮುಂದಿನದು ನನ್ನದು. ಇದಕ್ಕೆ ಸಾಕ್ಷಿಯಿದೆ, ಮಾಲೂರಿನಿಂದ ಬಾಷಾ ಅಷ್ಟೂ ಹೊತ್ತು ರಿಸೀವರ್ ಎತ್ತಿಟ್ಟುಕೊಂಡು ಕೇಳುತ್ತಿದ್ದ.

"ಹಾಕಲ್ಲ ಸಾರ್" ಎಂದೆ.

"ಮತ್ತೇನು ಈಗ?"

"ಚೈನ್ ತೆಗ್ದೋನು ಟವರ್ ಮೇಲೇ ಅಲ್ವಾ ಸಾರ್ ಇರೋದು? ಇಷ್ಟು ಹೊತ್ತು ಅವನಿಗೆ ಚೈನಾದ್ರೂ ಇತ್ತು. ಈಗ ಅದೂ ಇಲ್ಲ."

ಸಾಹೇಬರು ಮತ್ತೊಮ್ಮೆ ಗಡಿಯಾರ ನೋಡಿದರು. ಆಮೇಲೆ, "ಇಳಿಯೋಕೆ ಎಷ್ಟು ಹೊತ್ತು? ಐದು ನಿಮಿಷ. ಐದು ನಿಮಿಷ ಬಿಟ್ಟು ಹಾಕು" ಎಂದರು.

"ಮುನಿಯಪ್ಪನೂ ಹಿಂಗೇ ಲೆಕ್ಕ ಹಾಕಿರ್ತಾನೆ ಸಾರ್."

"ನಿನ್ನ ಮೇಲೆ ರಿಪೋರ್ಟ್ ಬರೀತೀನಿ ನಾನು."

"ಬರೀರಿ ಸಾರ್. ಟೈಮ್ ಮಾತ್ರ ನಡೆದ ಮೇಲೆ ಹಾಕಿ."

ಇಷ್ಟು ದಿಟ್ಟವಾಗಿ ಹೇಳಿದೆನೇ? ಬಾಷಾನ ಪ್ರಕಾರ ಹೇಳಿದೆ. ಬಾಷಾನೂ ಕಥೆ ಚೆನ್ನಾಗಿ ಹೇಳುತ್ತಾನೆ. ಹ್ಯಾಂಡಲಿಗೆ ಕೆಂಪು ಹಲಗೆಯನ್ನು ವಾಪಸ್ ತೂಗುಹಾಕಿದ್ದು ಮಾತ್ರ ಖಚಿತ. ಸಾಹೇಬರು ಅದನ್ನು ತೆಗೆಯಲಿಲ್ಲ. ತೆಗೆಯುವ ಅಧಿಕಾರ ಅವರಿಗಿತ್ತು.

ಎರಡೂ ಇಪ್ಪತ್ತಕ್ಕೆ ಮುನಿಯಪ್ಪ ಮತ್ತೆ ಫೋನಿಗೆ ಬಂದ. ದನಿ ಅವನದೇ ಆದರೂ ಗುರುತು ಹಿಡಿಯಲು ಕಷ್ಟವಾಯಿತು.

"ಸಾರ್, ನಾನ್ ಹೋದಾಗ ನಾಗರಾಜ ಆಗ್ತಾನೆ ಇಳ್ದಿದ್ದ. ಗಂಗುಲಪ್ಪ ಚೈನ್ ಬಿಚ್ಚಿ ಹೆಗಲಿಗಾಕ್ಕೊಂಡು ಅರ್ಧಕ್ಕೆ ಬಂದಿದ್ದ. ನನ್ನ ನೋಡಿ, ಲೈನ್ ವಾಪಸ್ ಕೊಟ್ರಾ ಅಂದ. ಮೊದ್ಲು ಕೆಳಗಿಳಿ ಅಂದೆ ಸಾರ್. ಈಗ ಇಬ್ರೂ ಕೆಳಗವ್ರೆ. ನನ್ ಮಾತು ನಂಬ್ತೀರಾ?" ಎಂದ.

ನಂಬಿದೆ. ಸಾಹೇಬರು ತಲೆಯಾಡಿಸಿದರು. ಎರಡೂ ಇಪ್ಪತ್ತೈದಕ್ಕೆ ಲೈನ್ ಚಾರ್ಜ್ ಆಯಿತು. ಲಾಗ್ ಬುಕ್ಕಿನಲ್ಲಿ 1-40 ಎಂದಿದ್ದನ್ನು ಹೊಡೆದುಹಾಕಿ ಮೇಲೆ 2-25 ಎಂದು ಬರೆದು ಸಹಿ ಮಾಡಿದೆ. ಯಾಕೆ ತಿದ್ದಿದ್ದು ಎಂದು ಯಾರೂ ಕೇಳಲಿಲ್ಲ.

ರಿಪೋರ್ಟ್ ಬರೆಯುತ್ತೇನೆ ಎಂದ ಸಾಹೇಬರು ಮಾರನೆಯ ದಿನ ಬರೆದದ್ದು ಬೇರೆಯದು. ಅರ್ಧ ಪುಟದ ಆದೇಶ. ಇನ್ನು ಮುಂದೆ ಮೇಸ್ತ್ರಿ ನಂಬರ್ ಹೇಳಿದರೆ ಸಾಲದು. ಟವರಿನಿಂದ ಕೊನೆಗೆ ಇಳಿದವನು ಫೋನಿರುವಲ್ಲಿಗೆ ಬಂದು ತನ್ನ ಬಾಯಿಂದ ತನ್ನ ಹೆಸರು ಹೇಳಬೇಕು. ಅವನ ದನಿ ಕೇಳದೆ ಆಪರೇಟರು ಹ್ಯಾಂಡಲ್ ಮುಟ್ಟಕೂಡದು. ಕರೆಂಟು ಅರ್ಧ ಗಂಟೆ ತಡವಾದರೆ ತಮ್ಮನ್ನು ಕೇಳಲಿ ಎಂದು ಕೆಳಗೆ ಸೇರಿಸಿದ್ದರು. ಅದನ್ನು ನನಗೆ ಕೊಡುವಾಗ ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ಮೇಸ್ತ್ರಿಗಳಿಗೆ ಇದು ಅವಮಾನವಾಯಿತು. "ಹದಿನೆಂಟು ವರ್ಷದ ಮಾತಿಗೆ ಬೆಲೆ ಇಲ್ವಾ ಸಾರ್?" ಎಂದು ಮುಳಬಾಗಿಲಿನವನೊಬ್ಬ ಜಗಳಕ್ಕೇ ಬಂದ. ಅವನಿಗೆ ಉತ್ತರ ಕೊಟ್ಟದ್ದು ಮುನಿಯಪ್ಪ. "ನಿನ್ ಮಾತು ನಿಜಾನೇ ಕಣಪ್ಪ. ನಂದೂ ನಿಜಾನೇ ಆಗಿತ್ತು, ಕಾಲ್ ಗಂಟೆ ಮುಂಚಿತ್ತು ಅಷ್ಟೇ."

ಹೊಸ ಪದ್ಧತಿಯಲ್ಲಿ ಮೊದಲ ಕರೆ ಬಂದದ್ದು ಹತ್ತು ಹನ್ನೆರಡು ದಿನಗಳ ಮೇಲೆ, ಅದೇ ಮುನಿಯಪ್ಪನ ಗ್ಯಾಂಗಿನಿಂದ, ಬೇರೊಂದು ಲೈನಿನ ಕೆಲಸ ಮುಗಿದಾಗ. ಅವನು ನಂಬರ್ ಹೇಳಿ, "ಇರಿ ಸಾರ್, ಕೊಡ್ತೀನಿ" ಎಂದ. ಫೋನು ಕೈ ಬದಲಾಯಿಸುವ ಗಲಾಟೆ ಕೇಳಿಸಿತು. ಗಂಗುಲಪ್ಪ ಅಲ್ಲಿಯವರೆಗೆ ಫೋನ್ ಹಿಡಿದವನಲ್ಲ.

"ಲೇ, ಆ ಕಡೆ ಅಲ್ಲಲಾ, ತಿರುಗ್ಸು. ಹಾ, ಈಗ ಮಾತಾಡು."

ಸ್ವಲ್ಪ ಹೊತ್ತು ಏದುಸಿರು ಮಾತ್ರ. ಟವರಿನಿಂದ ಇಳಿದು ಸೈಕಲ್ ತುಳಿದು ಬಂದವನ ಉಸಿರು.

"ನಾನು ಸಾರ್, ಗಂಗುಲಪ್ಪ."

"ಎಲ್ಲಿದೀಯಪ್ಪಾ?"

"ಇಲ್ಲೇ ಸಾರ್, ಪೋಸ್ಟಾಫೀಸಲ್ಲಿ."

ಇಷ್ಟು ವರ್ಷದಲ್ಲಿ ಲೈನಿನ ಮೇಲಿನವರಿಂದ ನಾನು ಕೇಳಿದ ಅತಿ ಸ್ಪಷ್ಟವಾದ ರೀಡಿಂಗ್ ಅದು. ಆದರೂ ಕೇಳಿದೆ. "ನಾಗರಾಜ?"

"ಹೊರಗೆ ಬೀಡಿ ಸೇದ್ತಾ ನಿಂತವ್ನೆ. ಕರೀಲಾ ಸಾರ್?"

"ಕರಿ" ಎಂದೆ.

ನಾಗರಾಜನೂ ಬಂದು ಹೆಸರು ಹೇಳಿದ. ಆಮೇಲೆ ಕೆಂಪು ಹಲಗೆ ತೆಗೆದು ಹ್ಯಾಂಡಲ್ ತಿರುಗಿಸಿದೆ.